ಬಾವಿ ಇಲ್ಲಿ, ಪಾಠಶಾಲೆ ಅಲ್ಲಿ

ಯಾದಗಿರಿಗೆ ಸಮೀಪದ ಅಬ್ಬೆತುಮಕೂರು ಸುತ್ತಲ ಸೀಮೆಗೆಲ್ಲ ಪರಿಚಿತವಾಗಿರುವುದು ವಿಶ್ವಾರಾಧ್ಯರ ಮಠದಿಂದ. ಜಾತ್ರೆಯ ದಿನಗಳಲ್ಲಿ ಈ ಹಳ್ಳಿಗೆ ಕಲಬುರಗಿ, ರಾಯಚೂರು ಕಡೆಯಿಂದಷ್ಟೇ ಅಲ್ಲ, ಗಡಿಯಾಚೆಯ ತೆಲಂಗಾಣ, ಆಂಧ್ರ, ಮಹಾರಾಷ್ಟ್ರಗಳಿಂದಲೂ ಭಕ್ತರು ಬರುತ್ತಾರೆ. ಇಂಥ ಕಡೆ ಬಂದವರೆಲ್ಲ ಒಂದೇ ಬಯಲಲ್ಲಿ ತಂಗಬೇಕು, ಸಾಲಾಗಿ ಕುಳಿತು ಉಣ್ಣಬೇಕು, ಸಿಕ್ಕ ನೀರನ್ನು ಕುಡಿಯಬೇಕು. ಜಾತ್ರೆ ಎಂದೊಡನೆ ಭಕ್ತರ ಕಣ್ಣಮುಂದೆ ತೇರು ಬಂದು ನಿಂತರೆ ಆರೋಗ್ಯ ಇಲಾಖೆಯವರ ಕಣ್ಣಮುಂದೆ ನೀರಿನ ಟ್ಯಾಂಕು ಬಂದು ನಿಲ್ಲುತ್ತದೆ. ಯಾವ ಊರಿನ ಜಾತ್ರೆಯಾದರೂ ಇದು ತಪ್ಪಿದ್ದಲ್ಲ.

ಈ ಕಳವಳಕ್ಕೆ ನೂರೈವತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. 1865ರಲ್ಲಿ ಮೆಕ್ಕಾ ಯಾತ್ರಿಕರಲ್ಲಿ ಕಾಣಿಸಿಕೊಂಡ ಕಾಲರಾ ಈಜಿಪ್ಟ್ ಮಾರ್ಗವಾಗಿ ಯೂರೋಪಿಗೆ ನುಗ್ಗಿತು. ಮರುವರ್ಷ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಹಲವು ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಚರ್ಚಿಸಿದರು. ರೋಗದ ತವರು ಭಾರತ, ಅದನ್ನು ಹೊತ್ತೊಯ್ಯುವವರು ಯಾತ್ರಿಕರು ಎಂಬ ಅಭಿಪ್ರಾಯಕ್ಕೆ ಬಂದರು. 1851ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾಗಿದ್ದ ಇಂಥ ಸಮ್ಮೇಳನಗಳ ಉದ್ದೇಶ ರೋಗಿಯ ಶುಶ್ರೂಷೆ ಆಗಿರಲಿಲ್ಲ. ವ್ಯಾಪಾರಕ್ಕೆ ಧಕ್ಕೆಯಾಗದಂತೆ ರೋಗವನ್ನು ಬಂದರಿನಲ್ಲೇ ತಡೆಯುವುದು ಅವುಗಳ ಉದ್ದೇಶವಾಗಿತ್ತು. ಆದರೂ ಒಂದು ಸತ್ಯವನ್ನು ಅವು ಒಪ್ಪಿಕೊಂಡವು: ಒಂದು ಊರಿನ ಬಾವಿಯ ನೀರು ಇನ್ನೊಂದು ಖಂಡದ ಸಂಕಟವಾಗಬಲ್ಲದು.

ಆ ಅರಿವಿನಿಂದ ಬೆಳೆದು ಬಂದ ವಿದ್ಯೆಗೆ ಇಂದು ‘ಜಾಗತಿಕ ಆರೋಗ್ಯ’ ಎಂದು ಹೆಸರು. ಲಂಡನ್, ಲಿವರ್‌ಪೂಲ್, ಬಾಲ್ಟಿಮೋರ್, ಆಂಟ್‌ವರ್ಪ್‌ಗಳಲ್ಲಿ ಇದನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುವ ಹೆಸರಾಂತ ಶಾಲೆಗಳಿವೆ. ಯಾದಗಿರಿ, ಶಹಾಪುರ, ಸುರಪುರ ಕಡೆಯ ಪದವೀಧರರೊಬ್ಬರು ಅಲ್ಲಿ ಓದಬೇಕೆಂದರೆ ವಿದ್ಯಾರ್ಥಿವೇತನ ಸಿಗಬೇಕು. ಇಲ್ಲವೇ ಹೊಲ ಮಾರಬೇಕು. ವಿಚಿತ್ರವೆಂದರೆ, ಅಲ್ಲಿ ಕಲಿಸುವ ಪಾಠಗಳಲ್ಲಿ ಕೆಲವು ಹುಟ್ಟಿದ್ದು ಕನ್ನಡ ನೆಲದ ಹಳ್ಳಿಗಳಲ್ಲಿ, ಹಳೆಯ ನಿಜಾಮ ಸೀಮೆಯ ಬಾವಿಕಟ್ಟೆಗಳ ಆಸುಪಾಸಿನಲ್ಲಿ.

ಹೆಸರು ಮೂರು, ವಿದ್ಯೆ ಒಂದು

ವೈದ್ಯನ ಮುಂದೆ ಕೂರುವವನು ಒಬ್ಬ ರೋಗಿ. ಅವನಿಗೆ ಭೇದಿಯಾದರೆ ವೈದ್ಯ ಔಷಧ ಬರೆದುಕೊಡುತ್ತಾನೆ. ಸಾರ್ವಜನಿಕ ಆರೋಗ್ಯ ಓದಿದವನ ಮುಂದೆ ಇರುವುದು ಇಡೀ ಊರು. ಭೇದಿ ಕೆಳಗಿನ ಓಣಿಯಲ್ಲೇ ಏಕೆ ಹೆಚ್ಚು, ಮಳೆ ಬಿದ್ದ ವಾರದಲ್ಲೇ ಏಕೆ, ಒಂದೇ ನಲ್ಲಿಯ ನೀರು ಕುಡಿದವರಿಗೇ ಏಕೆ ಎಂದು ಅವನು ಕೇಳಬೇಕು. ಉತ್ತರ ಸಿಕ್ಕ ಮೇಲೆ ಪೈಪು ದುರಸ್ತಿಗೆ ಹಣ ಯಾರು ಕೊಡಬೇಕು, ಇಷ್ಟು ದಿನ ಏಕೆ ಕೊಡಲಿಲ್ಲ ಎಂಬುದೂ ಅವನ ಪಠ್ಯದ ಭಾಗವೇ. ಆದ್ದರಿಂದಲೇ ಈ ವಿದ್ಯೆಯಲ್ಲಿ ರೋಗ ಹರಡುವ ಬಗೆಯ ಶಾಸ್ತ್ರ, ಸಂಖ್ಯಾಶಾಸ್ತ್ರಗಳ ಜೊತೆಗೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಕಾನೂನು, ಆಡಳಿತಗಳೂ ಸೇರಿಕೊಂಡಿವೆ. ವೈದ್ಯರಷ್ಟೇ ಅಲ್ಲದೆ ದಾದಿಯರು, ದಂತವೈದ್ಯರು, ಆಯುರ್ವೇದ ಪದವೀಧರರು, ಸಮಾಜಕಾರ್ಯ ಓದಿದವರು ಕೂಡ ಇದನ್ನು ಅಭ್ಯಾಸ ಮಾಡಬಹುದು.

ಇದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರು ಬಂತು. ಸಾಮ್ರಾಜ್ಯಗಳ ಕಾಲದಲ್ಲಿ ಇದು ‘ಉಷ್ಣವಲಯದ ವೈದ್ಯ’ವಾಗಿತ್ತು. ವಸಾಹತುಗಳಲ್ಲಿ ಸೈನಿಕರು, ತೋಟಗಳಲ್ಲಿ ಕೂಲಿಗಳು ಸಾಯದಂತೆ ನೋಡಿಕೊಳ್ಳುವುದು ಅದರ ಮುಖ್ಯ ಕೆಲಸ. ಎರಡನೆಯ ಮಹಾಯುದ್ಧದ ನಂತರ, 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಥಾಪನೆಯಾದ ಮೇಲೆ ‘ಅಂತರರಾಷ್ಟ್ರೀಯ ಆರೋಗ್ಯ’ ಎನ್ನುವ ಮಾತು ಹೆಚ್ಚು ಬಳಕೆಗೆ ಬಂತು. ಶ್ರೀಮಂತ ರಾಷ್ಟ್ರ ಬಡರಾಷ್ಟ್ರಕ್ಕೆ ನೆರವು ನೀಡುವುದು ಎಂಬ ಅರ್ಥ ಅದರಲ್ಲಿ ಅಡಗಿತ್ತು. ಇಪ್ಪತ್ತನೆಯ ಶತಮಾನದ ಕೊನೆಗೆ ‘ಜಾಗತಿಕ ಆರೋಗ್ಯ’ ಎಂಬ ಹೆಸರು ಚಾಲ್ತಿಗೆ ಬಂತು. 2009ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಜ್ಞರ ಗುಂಪೊಂದು ಅದಕ್ಕೊಂದು ವ್ಯಾಖ್ಯೆಯನ್ನೂ ಕೊಟ್ಟಿತು. ಅದರ ಸಾರ ಇಷ್ಟು: ಜಗತ್ತಿನ ಎಲ್ಲ ಜನರ ಆರೋಗ್ಯ ಸುಧಾರಿಸಬೇಕು, ಆರೋಗ್ಯದಲ್ಲಿ ಸಮಾನತೆ ಬರಬೇಕು.

ಹೆಸರು ಬದಲಾದಂತೆ ಕಲಿಸುವವರು ಯಾರು, ಕಲಿಯುವವರು ಯಾರು ಎಂಬುದೂ ಬದಲಾಯಿತೇ? ಇದನ್ನು ತಿಳಿಯಲು ಒಂದು ಸೊಳ್ಳೆಯ ಕಥೆಯಿಂದ ಆರಂಭಿಸುವುದು ಒಳ್ಳೆಯದು.

ಸೊಳ್ಳೆಗೊಂದು ಆಣೆ

ಸೇನಾ ವೈದ್ಯ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕಿದ್ದರು. ಬಂಗಲೆಯಲ್ಲಿ ಸೊಳ್ಳೆಗಳ ಕಾಟ. ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವು ಮರಿ ಮಾಡುತ್ತಿವೆ ಎಂಬುದನ್ನು ರಾಸ್ ಗಮನಿಸಿದರು. ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬ ಸರಳ ಸಂಗತಿ ಅವರಿಗೆ ಹೊಳೆದದ್ದು ಆಗಲೇ. ಮುಂದೆ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಪಡೆದು, ಸೂಕ್ಷ್ಮಾಣುಶಾಸ್ತ್ರವನ್ನೂ ಕಲಿತು ಬಂದರು. ಇಂದಿನ ಸ್ನಾತಕೋತ್ತರ ಪದವಿಯ ಪೂರ್ವಜ ಆ ಡಿಪ್ಲೊಮಾ ಎನ್ನಬಹುದು. 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕೆ ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಲಾಯಿತು.

ಅವರಿಗೆ ಕೀರ್ತಿ ತಂದದ್ದು ಸಿಕಂದರಾಬಾದಿನ ಬೇಗಂಪೇಟೆ. ಯಾದಗಿರಿ, ಶಹಾಪುರಗಳೂ, 1860ರಿಂದ ಸುರಪುರವೂ ಅದೇ ನಿಜಾಮರ ರಾಜ್ಯಕ್ಕೆ ಸೇರಿದ್ದವು. 1897ರ ಆಗಸ್ಟ್ ತಿಂಗಳಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ರಾಸ್ ಸೊಳ್ಳೆಗಳಿಂದ ಕಚ್ಚಿಸಿದರು. ಕಚ್ಚಿದ ಸೊಳ್ಳೆಗೆ ಒಂದಾಣೆಯಂತೆ ಅವನಿಗೆ ಕೂಲಿ ಸಂದಾಯವಾಯಿತು. ಆಗಸ್ಟ್ 20ರಂದು ಅಂಥದೊಂದು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯ ಬೆಳವಣಿಗೆ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಸಾವಿರಾರು ವರ್ಷ ‘ಕೆಟ್ಟ ಗಾಳಿ’ಯಿಂದ ಬರುತ್ತದೆಂದು ನಂಬಿದ್ದ ಜ್ವರದ ಗುಟ್ಟು ಬಯಲಾಯಿತು.

ಮುಂದಿನ ಘಟನೆಗಳು ನಮ್ಮ ವಿಷಯಕ್ಕೆ ಮುಖ್ಯ. 1898ರಲ್ಲಿ ಲಿವರ್‌ಪೂಲಿನಲ್ಲಿ ಉಷ್ಣವಲಯದ ವೈದ್ಯಶಾಲೆ ಆರಂಭವಾಯಿತು. 1899ರಲ್ಲಿ ರಾಸ್ ಅಲ್ಲಿಗೆ ಅಧ್ಯಾಪಕರಾಗಿ ಹೋದರು. ಅದೇ ವರ್ಷ ಪ್ಯಾಟ್ರಿಕ್ ಮ್ಯಾನ್ಸನ್ ಲಂಡನ್ನಿನಲ್ಲಿ ಮತ್ತೊಂದು ಶಾಲೆ ತೆರೆದರು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಸೊಳ್ಳೆ ಇಲ್ಲಿಯದು, ರೋಗಿ ಇಲ್ಲಿಯವನು. ಪಾಠಶಾಲೆ ಮಾತ್ರ ಹಡಗು ಹತ್ತಿ ಹೋಗಬೇಕಾದಷ್ಟು ದೂರ. ಹುಸೇನ್ ಖಾನನಿಗೆ ದಕ್ಕಿದ್ದು ಆಣೆಗಳು. ಜಾಗತಿಕ ಆರೋಗ್ಯದ ವ್ಯವಹಾರ ಎಷ್ಟೋ ವರ್ಷ ಹೀಗೆಯೇ ನಡೆಯಿತು.

ಹೈದರಾಬಾದಿನ ದಾರಿ

ಇಪ್ಪತ್ತನೆಯ ಶತಮಾನದಲ್ಲಿ ಈ ಶಾಲೆಗಳು ಭಾರತಕ್ಕೂ ಬಂದವು. ಕಲ್ಕತ್ತೆಯಲ್ಲಿ 1920ರ ದಶಕದ ಆರಂಭಕ್ಕೆ ಉಷ್ಣವಲಯದ ವೈದ್ಯಶಾಲೆ ತೆರೆಯಿತು. 1932ರ ಡಿಸೆಂಬರ್ 30ರಂದು ಅಲ್ಲಿಯೇ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಉದ್ಘಾಟನೆಯಾಯಿತು. ಅದಕ್ಕೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಧನಸಹಾಯವಿತ್ತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಶಾಲೆಗೆ, ಲಂಡನ್ ಶಾಲೆಯ ಹೊಸ ಕಟ್ಟಡಕ್ಕೆ ಹಣ ಕೊಟ್ಟದ್ದೂ ಇದೇ ಪ್ರತಿಷ್ಠಾನ.

ಮೈಸೂರು ಸಂಸ್ಥಾನ ಈ ಗಾಳಿಯನ್ನು ಬೇಗ ಗುರುತಿಸಿತು. 1920ರ ದಶಕದ ಕೊನೆಗೆ ರಾಕ್‌ಫೆಲ್ಲರ್ ತಜ್ಞರ ನೆರವಿನಿಂದ ಮಲೇರಿಯಾ ಸಮೀಕ್ಷೆಗಳು ಶುರುವಾದವು. 1930ರ ದಶಕದಲ್ಲಿ ಕ್ಲೋಸ್‌ಪೇಟೆ, ಅಂದರೆ ಇಂದಿನ ರಾಮನಗರದಲ್ಲಿ, ಹಳ್ಳಿಗಳಿಗಾಗಿ ಆರೋಗ್ಯ ಘಟಕ ರೂಪುಗೊಂಡಿತು. ಅಷ್ಟರಲ್ಲಿ ಸಂಸ್ಥಾನಕ್ಕೆ ತನ್ನದೇ ವೈದ್ಯಕೀಯ ಕಾಲೇಜು ಕೂಡ ಇತ್ತು.

ಉತ್ತರದ ಕನ್ನಡ ಸೀಮೆಯ ಸ್ಥಿತಿ ಬೇರೆ. ನಿಜಾಮ ರಾಜ್ಯದಲ್ಲಿ ವೈದ್ಯ ಶಿಕ್ಷಣವೆಂದರೆ ಹೈದರಾಬಾದ್. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಉರ್ದು. ಸುರಪುರದ ಕನ್ನಡ ಹುಡುಗನೊಬ್ಬ ಡಾಕ್ಟರಾಗಬೇಕೆಂದರೆ ಊರನ್ನೂ ಮನೆಮಾತನ್ನೂ ಹಿಂದೆ ಬಿಟ್ಟು ನಡೆಯಬೇಕಿತ್ತು. ಬೊಂಬಾಯಿ-ಮದರಾಸು ರೈಲುಮಾರ್ಗ 1871ರಲ್ಲೇ ಯಾದಗಿರಿಯನ್ನು ಹಾದುಹೋಗಿತ್ತು. ರೈಲಿನಲ್ಲಿ ಕಾಲರಾ ಬರಲು ತಡವಾಗಲಿಲ್ಲ, ಕಾಲೇಜು ಬರಲು ಮಾತ್ರ ತಡವಾಯಿತು. 1956ರಲ್ಲಿ ಈ ಭಾಗ ಏಕೀಕೃತ ರಾಜ್ಯಕ್ಕೆ ಸೇರಿದ ಬಳಿಕ, 1963ರಲ್ಲಿ ಗುಲಬರ್ಗಾದಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾಯಿತು.

ತುಮಕೂರಿನವರು ಕಲಿಸಿದ್ದು

ಅದೇ ವರ್ಷ, 1963ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರ ಹಿನ್ನೆಲೆ ಬೆಂಗಳೂರು ಮತ್ತು ತುಮಕೂರು. (ಈ ತುಮಕೂರಿಗೂ ಅಬ್ಬೆತುಮಕೂರಿಗೂ ಹೆಸರಿನ ಹೋಲಿಕೆಯನ್ನು ಬಿಟ್ಟರೆ ಬೇರೆ ನಂಟಿಲ್ಲ.)

ಕ್ಷಯರೋಗ ಆಗ ದೇಶದ ದೊಡ್ಡ ಶತ್ರು. ಸ್ಯಾನಿಟೋರಿಯಂ ಹಾಸಿಗೆಗಳು ಕೆಲವೇ ಸಾವಿರ, ರೋಗಿಗಳು ಲಕ್ಷಗಟ್ಟಲೆ. ಮನೆಯಲ್ಲೇ ಇದ್ದು ಔಷಧ ತೆಗೆದುಕೊಂಡರೂ ಸ್ಯಾನಿಟೋರಿಯಂನಷ್ಟೇ ಗುಣ ಕಾಣಬಹುದೆಂದು ಮದರಾಸಿನ ಪ್ರಯೋಗವೊಂದು 1959ರಲ್ಲಿ ತೋರಿಸಿಕೊಟ್ಟಿತ್ತು. ಆದರೆ ಹಳ್ಳಿಗಳ ರೋಗಿಗಳನ್ನು ಹುಡುಕುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಬೆಂಗಳೂರಿನ ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಕೆಲಸ ಆರಂಭಿಸಿತು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳ ನೆರವು ಅದಕ್ಕಿತ್ತು. ಭಾರತದಲ್ಲಿ ಕ್ಷಯ ನಿಯಂತ್ರಣಕ್ಕಾಗಿ ಸುಮಾರು ಹತ್ತು ವರ್ಷ ದುಡಿದ ಡೆನ್ಮಾರ್ಕಿನ ವೈದ್ಯ ಹಾಫ್ಡನ್ ಮಾಹ್ಲರ್ ಆ ಸಂಸ್ಥೆಯನ್ನು ರೂಪಿಸಿದವರಲ್ಲಿ ಒಬ್ಬರು.

ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮು ಕಾಯಿಲೆಯೆಂದೇ ಅವರಿಗೆ ತಿಳಿಯದು, ಎಕ್ಸ್‌ರೇ ವಾಹನ ಊರೂರಿಗೆ ಹೋಗಿ ರೋಗಿಗಳನ್ನು ಹಿಡಿದು ತರಬೇಕು ಎಂಬುದು ಅಂದಿನ ತಜ್ಞರಲ್ಲಿ ಹಲವರ ನಂಬಿಕೆಯಾಗಿತ್ತು. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇದನ್ನು ತುಮಕೂರು ಜಿಲ್ಲೆಯಲ್ಲಿ ಪರೀಕ್ಷೆಗೊಡ್ಡಿದರು. ಕ್ಷಯ ತಗುಲಿದವರ ಮನೆಗೇ ಹೋಗಿ ಮಾತನಾಡಿಸಿದಾಗ ತಿಳಿದದ್ದೇ ಬೇರೆ. ಬಹುಪಾಲು ರೋಗಿಗಳಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಅದರ ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಹತ್ತಿರದ ಆಸ್ಪತ್ರೆಗೂ ಹೋಗಿ ಬಂದಿದ್ದರು. ಅಲ್ಲಿ ಅವರಲ್ಲಿ ಅನೇಕರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ!

ತಪ್ಪು ರೋಗಿಯದಲ್ಲ, ಆಸ್ಪತ್ರೆಯದು ಎಂದು ಈ ಅಧ್ಯಯನ ಸಾರಿತು. ದುಬಾರಿ ವಾಹನಗಳನ್ನು ಓಡಿಸುವ ಬದಲು ಕೆಮ್ಮುತ್ತ ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದಡಿ ನೋಡಿದರೆ ಸಾಕಲ್ಲವೇ? 1962ರಲ್ಲಿ ದೇಶ ಅಂಗೀಕರಿಸಿದ ಜಿಲ್ಲಾ ಕ್ಷಯ ಕಾರ್ಯಕ್ರಮ ಇದೇ ತಳಹದಿಯ ಮೇಲೆ ನಿಂತಿತು. 1990ರ ದಶಕದಲ್ಲಿ ಜಗತ್ತಿನಾದ್ಯಂತ ಹರಡಿದ ‘ಡಾಟ್ಸ್’ ಕ್ರಮದಲ್ಲೂ ತಾನಾಗಿ ಬಂದವರ ಕಫ ಪರೀಕ್ಷೆಯೇ ಮೊದಲ ಹೆಜ್ಜೆ. ಮಾಹ್ಲರ್ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ‘ಎಲ್ಲರಿಗೂ ಆರೋಗ್ಯ’ ಎಂಬ ಗುರಿ ಸಾರಿದ 1978ರ ಅಲ್ಮಾ-ಆಟಾ ಸಮ್ಮೇಳನ ನಡೆದದ್ದು ಅವರ ಕಾಲದಲ್ಲೇ. ಬ್ಯಾನರ್ಜಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು.

ಹುಸೇನ್ ಖಾನ್ ಕೊಟ್ಟದ್ದು ರಕ್ತವನ್ನು. ತುಮಕೂರಿನ ರೈತರು ಕೊಟ್ಟದ್ದು ತಮ್ಮ ಮಾತನ್ನು. ಆ ಮಾತು ಒಂದು ದೇಶದ ಕಾರ್ಯಕ್ರಮವನ್ನೇ ತಿದ್ದಿತು.

ಹಿಮ್ಮಡಿಯಲ್ಲಿ ನೂಲು

ಕ್ಷಯದ ಪಾಠ ದಕ್ಷಿಣದ್ದಾದರೆ, ಈಗಿನ ಯಾದಗಿರಿ ಜಿಲ್ಲೆಯೂ ಸೇರಿದ್ದ ಗುಲಬರ್ಗಾ ಸೀಮೆ ಕಲಿಸಿದ ಪಾಠ ಇನ್ನೊಂದು. ಅದು ನಾರುಹುಣ್ಣಿನದು. ಇಂದಿನ ಯುವಕರಿಗೆ ಈ ಹೆಸರೇ ಗೊತ್ತಿರಲಿಕ್ಕಿಲ್ಲ. ಅವರ ಅಜ್ಜ-ಅಜ್ಜಿಯರನ್ನು ಕೇಳಿದರೆ ಕಾಲು ಮುಟ್ಟಿ ತೋರಿಸಬಹುದು.

ಮೆಟ್ಟಿಲಿಳಿದು ಕೊಡ ಮುಳುಗಿಸುವ ಬಾವಿಗಳಲ್ಲಿ ಸೈಕ್ಲಾಪ್ಸ್ ಎಂಬ ಬಹು ಸಣ್ಣ ಜಲಜೀವಿ ಇರುತ್ತದೆ. ಅದರೊಳಗೆ ನಾರುಹುಳದ ಮರಿ ಸೇರಿಕೊಂಡಿದ್ದು, ಅಂಥ ನೀರನ್ನು ಸೋಸದೆ ಕುಡಿದರೆ ಮರಿ ಮನುಷ್ಯನ ದೇಹ ಹೊಕ್ಕು ಬೆಳೆಯುತ್ತದೆ. ಸುಮಾರು ಒಂದು ವರ್ಷ ಏನೂ ತಿಳಿಯುವುದಿಲ್ಲ. ಆಮೇಲೆ ಸಾಮಾನ್ಯವಾಗಿ ಕಾಲಿನಲ್ಲಿ ಉರಿಯುವ ಗುಳ್ಳೆ ಎದ್ದು, ಒಡೆದು, ಬಿಳಿ ನೂಲಿನಂಥ ಹುಳ ತಲೆ ಹಾಕುತ್ತದೆ. ಅದರ ಉದ್ದ ಒಂದು ಮೀಟರ್‌ವರೆಗೂ ಇರಬಹುದು. ಎಳೆದರೆ ತುಂಡಾಗಿ ಹುಣ್ಣು ಕೀವುಗಟ್ಟುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಇಷ್ಟು ಹೊರತೆಗೆಯಬೇಕು. ಉರಿ ತಾಳದೆ ರೋಗಿ ಕಾಲನ್ನು ಬಾವಿಯ ನೀರಿಗಿಳಿಸಿದರೆ ಹುಳ ಸಾವಿರಾರು ಮರಿಗಳನ್ನು ಬಿಡುತ್ತದೆ. ಅಲ್ಲಿಗೆ ಚಕ್ರ ಪೂರ್ಣವಾಯಿತು. ಹಾಸಿಗೆ ಹಿಡಿದವನ ಕೂಲಿ ಹೋಯಿತು, ಹೊಲದ ಕೆಲಸ ನಿಂತಿತು, ಮಕ್ಕಳ ಶಾಲೆ ತಪ್ಪಿತು.

ಈ ರೋಗಕ್ಕೆ ಲಸಿಕೆ ಇಲ್ಲ, ಔಷಧವೂ ಇಲ್ಲ. ಇರುವ ಉಪಾಯವೆಂದರೆ ನೀರಿನ ವ್ಯವಸ್ಥೆ ಬದಲಿಸುವುದು. 1983-84ರಲ್ಲಿ ಭಾರತ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಆರಂಭಿಸಿತು. 1984ರ ಲೆಕ್ಕದಂತೆ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಕರ್ನಾಟಕವೂ ಸೇರಿ 7 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ರೋಗವಿತ್ತು. ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು ಆ ಪಟ್ಟಿಯಲ್ಲಿದ್ದವು. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿಗಳನ್ನಾಗಿ ಮಾಡುವುದು, ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸುವುದು, ಬಾವಿಗೆ ಔಷಧ ಹಾಕಿ ಸೈಕ್ಲಾಪ್ಸ್ ಕೊಲ್ಲುವುದು, ಕೊಳವೆಬಾವಿ ಕೊರೆದು ಕೈಪಂಪು ಕೂರಿಸುವುದು ಇವೇ ಅಸ್ತ್ರಗಳು. ಸೊಲ್ಲಾಪುರದ ಸ್ವಯಂಕಲಿತ ಮೆಕ್ಯಾನಿಕ್ ಒಬ್ಬ ರೂಪಿಸಿದ ಪಂಪಿನ ಮಾದರಿಯನ್ನು ಆಧರಿಸಿ 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಸಿದ್ಧವಾದ ‘ಇಂಡಿಯಾ ಮಾರ್ಕ್ 2’ ಕೈಪಂಪು ಇಲ್ಲಿಂದ ಆಫ್ರಿಕಾದವರೆಗೂ ಹೋಯಿತು.

ದೇಶದ ಕೊನೆಯ ನಾರುಹುಣ್ಣು ರೋಗಿ ಕಂಡುಬಂದದ್ದು 1996ರಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತ ದೇಶವೆಂದು ಪ್ರಮಾಣೀಕರಿಸಿತು. 1986ರಲ್ಲಿ ಜಗತ್ತಿನಲ್ಲಿ ಅಂದಾಜು 35 ಲಕ್ಷ ಮಂದಿಗೆ ಈ ರೋಗವಿತ್ತು; 2023ರಲ್ಲಿ ವರದಿಯಾದ ರೋಗಿಗಳು ಕೇವಲ 14. ಔಷಧವೇ ಇಲ್ಲದ ರೋಗವೊಂದನ್ನು ಬಾವಿಕಟ್ಟೆ ಮತ್ತು ಸೋಸುವ ಬಟ್ಟೆಯಿಂದ ಓಡಿಸಿದ ಈ ಕಥೆಯನ್ನು ಜಾಗತಿಕ ಆರೋಗ್ಯದ ವಿದ್ಯಾರ್ಥಿ ಎಲ್ಲಿ ಓದಿದರೂ ಕೇಳಿಯೇ ಕೇಳುತ್ತಾನೆ.

ಕಿರದಳ್ಳಿ ತಾಂಡಾದ ನೀರು

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ತೆರೆದ ಬಾವಿ ಬಿಟ್ಟು ಜನ ಬೋರಿನ ನೀರಿಗೆ ಒಗ್ಗಿಕೊಂಡರು. ಅದು ಕಣ್ಣಿಗೆ ತಿಳಿ, ಹುಳವಿಲ್ಲದ್ದು. ಆದರೆ ಕಲ್ಲಿನೊಳಗಿನ ನೀರಿಗೆ ಕಲ್ಲಿನ ಗುಣವೂ ಬರುತ್ತದೆ.

ಸುರಪುರ ತಾಲ್ಲೂಕಿನ ಮಂಗಳೂರು ಎಂಬ ಹಳ್ಳಿಯ ಸುತ್ತ ಚಿನ್ನದ ಅದಿರಿನ ಶಿಲಾಪಟ್ಟಿ ಇದೆ. ಹಿಂದೆ ಅಲ್ಲಿ ಗಣಿಗಾರಿಕೆ ನಡೆದಿತ್ತು. ಆ ಭಾಗದ ಕಿರದಳ್ಳಿ ತಾಂಡಾದ ಜನರ ಅಂಗೈ, ಅಂಗಾಲುಗಳಲ್ಲಿ ಗಂಟು, ಮೈಮೇಲೆ ಕಲೆಗಳು ಕಾಣಿಸಿಕೊಂಡವು. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಕಾರಣವನ್ನು ಬಯಲು ಮಾಡಿತು. ಅದು ಆರ್ಸೆನಿಕ್, ಹಳೆಯ ಮಾತಿನಲ್ಲಿ ಪಾಷಾಣ. ಪರೀಕ್ಷಿಸಿದ 59 ಕೊಳವೆಬಾವಿ ಮಾದರಿಗಳಲ್ಲಿ 79 ಶೇಕಡಾ ಭಾಗ ಲೀಟರಿಗೆ 10 ಮೈಕ್ರೊಗ್ರಾಂ ಮಿತಿಯನ್ನು ಮೀರಿದ್ದವು. ಒಂದರಲ್ಲಿ ಅದರ ಪ್ರಮಾಣ 303 ಮೈಕ್ರೊಗ್ರಾಂ. ತಪಾಸಣೆಗೆ ಒಳಗಾದ 181 ಮಂದಿಯಲ್ಲಿ ಶೇ 58.6ರಷ್ಟು ಜನರ ಚರ್ಮದ ಮೇಲೆ ವಿಷದ ಗುರುತುಗಳಿದ್ದವು. ಶಿಲೆಯ ಗುಣ ಎಷ್ಟು, ಗಣಿಯ ಪಾಲು ಎಷ್ಟು ಎಂಬುದಕ್ಕೆ ಇನ್ನಷ್ಟು ಅಧ್ಯಯನ ಬೇಕೆಂದು ಸಂಶೋಧಕರೇ ಹೇಳಿದರು.

ಇದೇ ಕಥೆ ಬಾಂಗ್ಲಾದೇಶದಲ್ಲಿ ಇನ್ನೂ ದೊಡ್ಡದಾಗಿ ನಡೆದಿತ್ತು. ಕೆರೆಕುಂಟೆಗಳ ನೀರಿನಿಂದ ಬರುವ ಭೇದಿಯಿಂದ ಮಕ್ಕಳನ್ನು ಉಳಿಸಲು ಅಲ್ಲಿ ಲಕ್ಷಾಂತರ ಕೊಳವೆಬಾವಿಗಳನ್ನು ಕೊರೆಸಿದರು. ಭೇದಿಯಿಂದ ಬಚಾವಾದವರು ಆರ್ಸೆನಿಕ್ ಬಾಯಿಗೆ ಬಿದ್ದರು. 1993ರಲ್ಲಿ ಅದು ಬೆಳಕಿಗೆ ಬಂತು.

ಕೊಳವೆಬಾವಿ ಕೊರೆದದ್ದು ತಪ್ಪೆಂದು ಇದರ ಅರ್ಥವಲ್ಲ. ನಾರುಹುಣ್ಣು ಹೋದದ್ದು ಅದರಿಂದಲೂ ಹೌದು. ಒಂದು ಕಡೆ ಗೆದ್ದ ಉಪಾಯವನ್ನು ಇನ್ನೊಂದು ಕಡೆಗೆ ಒಯ್ಯುವಾಗ ಅಲ್ಲಿನ ನೆಲವನ್ನು ಪರೀಕ್ಷಿಸಬೇಕು. ಪಂಪು ಕೂರಿಸಿದ ಮೇಲೂ ವರ್ಷ ವರ್ಷ ನೀರನ್ನು ನೋಡುತ್ತಿರಬೇಕು. ಹಾಗೆ ನೋಡುವವರು ಯಾರು? ಕೋಲ್ಕತ್ತದಿಂದ ತಂಡವೊಂದು ಬರುವವರೆಗೆ ಜನ ಕಾಯಬೇಕೇ?

ಪಾಠಶಾಲೆ ಹತ್ತಿರ ಬಂದಾಗ

ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕರ್ನಾಟಕದ ಆರೋಗ್ಯ ಕಾರ್ಯಪಡೆ 2001ರ ವರದಿಯಲ್ಲಿ, ರಾಜ್ಯದೊಳಗೇ ಉತ್ತರದ ಜಿಲ್ಲೆಗಳು ಆರೋಗ್ಯದಲ್ಲಿ ಹಿಂದುಳಿದಿರುವುದನ್ನು ಎತ್ತಿ ತೋರಿಸಿತು. ಮರುವರ್ಷ ಬಂದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಸಂವಿಧಾನಕ್ಕೆ ತಂದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂದು, ಈ ಭಾಗದ ವಿದ್ಯಾರ್ಥಿಗಳಿಗೆ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಾನ ಮೀಸಲಾಯಿತು. 2022-23ರಲ್ಲಿ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 150 ಎಂಬಿಬಿಎಸ್ ಸೀಟುಗಳೊಂದಿಗೆ ಬಾಗಿಲು ತೆರೆಯಿತು. ಬೇಗಂಪೇಟೆಯ ಸೊಳ್ಳೆಯಿಂದ ಇಲ್ಲಿಯವರೆಗೆ ಲೆಕ್ಕ ಹಾಕಿದರೆ 125 ವರ್ಷ.

ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಓದಿಗೆ ಈಗ ಹಡಗು ಹತ್ತಲೇಬೇಕೆಂದಿಲ್ಲ. ವೈದ್ಯರಿಗೆ ಸಮುದಾಯ ವೈದ್ಯಶಾಸ್ತ್ರದ ಎಂ.ಡಿ. ಇದೆ. ಇತರ ಪದವೀಧರರಿಗೂ ಪ್ರವೇಶವಿರುವ ಎಂಪಿಎಚ್ ಪದವಿಯನ್ನು ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲ, ಮೈಸೂರಿನ ಜೆಎಸ್‌ಎಸ್, ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯಗಳು ನೀಡುತ್ತಿವೆ. ಪರದೇಶಕ್ಕೇ ಹೋಗಬೇಕೆನ್ನುವವರಿಗೆ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಂಥ ದಾರಿಗಳಿವೆ. ಹೋಗುವುದು ತಪ್ಪೇನಲ್ಲ. ರಾಸ್ ಕೂಡ ಬೆಂಗಳೂರಿನಲ್ಲಿ ಕಂಡದ್ದನ್ನು ಅರ್ಥ ಮಾಡಿಕೊಳ್ಳಲು ಇಂಗ್ಲೆಂಡಿನಲ್ಲಿ ಕಲಿತು ಬಂದವರೇ. ಬಾಂಗ್ಲಾದೇಶದ ಅನುಭವ ಓದಿದವರಿಗೆ ಕಿರದಳ್ಳಿಯ ಅಂಗೈ ನೋಡಿದೊಡನೆ ಸಂಶಯ ಬರುತ್ತದೆ. ಓದದವರಿಗೆ ಅದು ಚರ್ಮದ ಕಾಯಿಲೆಯಾಗಿ ಮಾತ್ರ ಕಾಣುತ್ತದೆ. ಜಗತ್ತನ್ನು ಓದುವುದರಿಂದ ಸಿಗುವ ಲಾಭ ಇದು.

ಆದರೆ ಓದಿದವರು ಎಲ್ಲಿ ಕೆಲಸ ಮಾಡುತ್ತಾರೆ ಎಂಬ ಪ್ರಶ್ನೆ ಉಳಿಯುತ್ತದೆ. ಬಹುಪಾಲು ಉದ್ಯೋಗಗಳಿರುವುದು ದೆಹಲಿ, ಬೆಂಗಳೂರು, ಜಿನೀವಾಗಳಲ್ಲಿ. ಜಿಲ್ಲೆಯಲ್ಲಿ ಅಂಥ ಹುದ್ದೆ, ನೀರು ಪರೀಕ್ಷಿಸುವ ಸುಸಜ್ಜಿತ ಪ್ರಯೋಗಾಲಯ, ಹತ್ತು ವರ್ಷಗಳ ಅಂಕಿ-ಅಂಶ ಜೋಡಿಸಿ ನೋಡುವ ವ್ಯವಧಾನ ಇಲ್ಲವಾದರೆ ಊರಿನ ಮಕ್ಕಳು ಕಲಿತೂ ಊರಿಗೆ ಸಿಗಲಾರರು. ಹೊಸ ಕಾಲೇಜಿನ ಸಮುದಾಯ ವೈದ್ಯ ವಿಭಾಗ ಈ ಕೆಲಸಕ್ಕೆ ಒಳ್ಳೆಯ ಆರಂಭವಾಗಬಲ್ಲದು. ಅದರ ವಿದ್ಯಾರ್ಥಿಗಳಿಗೆ ಪ್ರಯೋಗಕ್ಷೇತ್ರ ಹುಡುಕಿಕೊಂಡು ದೂರ ಹೋಗುವ ಪ್ರಮೇಯವಿಲ್ಲ. ಜಾತ್ರೆಯ ನೀರು, ತಾಂಡಾದ ಬೋರು, ಗುಳೆ ಹೋಗಿ ಬಂದವರ ಕೆಮ್ಮು ಎಲ್ಲವೂ ಬಾಗಿಲಲ್ಲೇ ಇವೆ.

ತುಮಕೂರಿನ ಅಧ್ಯಯನ ಯಶಸ್ವಿಯಾದದ್ದು ಸಂಶೋಧಕರು ಮನೆ ಬಾಗಿಲಿಗೆ ಹೋಗಿ ಕೇಳಿದ್ದರಿಂದ. ಕಿರದಳ್ಳಿಯಲ್ಲೂ ವಿಷದ ಜಾಡು ಹಿಡಿಯಲು ನೆರವಾದದ್ದು ಕಲೆಗಳು ಯಾವಾಗ ಶುರುವಾದವೆಂದು ಜನ ಕೊಟ್ಟ ವಿವರ. ಈ ಕೇಳುವ ಕೆಲಸಕ್ಕೆ ಈ ಸೀಮೆಯ ಕನ್ನಡ, ತಾಂಡಾದ ಲಂಬಾಣಿ, ಪೇಟೆಯ ಉರ್ದು ಬಲ್ಲವರಿಗಿಂತ ತಕ್ಕವರು ಯಾರು? ‘ಯವ್ವಾ, ಯಾವ ಬೋರಿನ ನೀರು ಕುಡಿತೀರಿ, ಎಷ್ಟ್ ವರ್ಷಾತು?’ ಎಂಬ ಎರಡು ಪ್ರಶ್ನೆಗಳಲ್ಲಿ ಸ್ನಾತಕೋತ್ತರ ಪಠ್ಯದ ಅರ್ಧಭಾಗ ಅಡಗಿದೆ. ಉತ್ತರ ದಿನಾ ಕೊಡ ಹೊರುವ ಹೆಂಗಸರಿಗೆ ಗೊತ್ತೇ ಇದೆ.